ಗಡಿ ದಾಟುವ ಸೀಸೆ

ಒಂದು ಊರಿನಲ್ಲಿ ಹೆಂಡದಂಗಡಿಯನ್ನು ಮುಚ್ಚಿಸಿದರೆ ಕುಡಿಯುವವನು ಪಕ್ಕದ ಊರಿಗೆ ನಡೆದುಹೋಗುತ್ತಾನೆ. ಇದನ್ನು ತಿಳಿಯಲು ನೀವು ಯಾವ ಗ್ರಂಥವನ್ನೂ ಓದಬೇಕಾಗಿಲ್ಲ. ಯಾವುದಾದರೊಂದು ಗಡಿಯೂರಿನಲ್ಲಿ ನಾಲ್ಕು ದಿನ ಇದ್ದರೆ ಸಾಕು. ಆದರೆ ಇದೇ ಸಂಗತಿ ಊರೂರುಗಳ ನಡುವೆ ಅಲ್ಲದೆ ದೇಶದೇಶಗಳ ನಡುವೆ ನಡೆದರೆ ಏನಾಗುತ್ತದೆ? ಒಂದು ದೇಶದ ವೈದ್ಯರೂ ಸರ್ಕಾರವೂ ಕೂಡಿ, "ನಮ್ಮ ಜನ ಕುಡಿದು ಕೆಡುತ್ತಿದ್ದಾರೆ, ಇದಕ್ಕೊಂದು ಕಡಿವಾಣ ಹಾಕೋಣ" ಎಂದು ಹೊರಟಾಗ, ನೆರೆಯ ದೇಶ ಬಂದು "ನಮ್ಮ ವ್ಯಾಪಾರಕ್ಕೆ ಕಲ್ಲು ಹಾಕಬೇಡಿ" ಎಂದರೆ?

ಯೂರೋಪ್ ಖಂಡದಲ್ಲಿ ಈ ಜಗ್ಗಾಟ ನೂರಮೂವತ್ತು ವರ್ಷಗಳಿಗೂ ಮಿಕ್ಕಿ ನಡೆದಿದೆ. ಅಲ್ಲಿ ದೇಶಗಳು ಚಿಕ್ಕವು, ಗಡಿಗಳು ಹತ್ತಿರ. ದಕ್ಷಿಣದವರು ದ್ರಾಕ್ಷಿಯನ್ನು ಬೆಳೆದು ವೈನನ್ನು ಮಾರಿ ಬದುಕುವವರು. ಉತ್ತರದವರು ಚಳಿಯಲ್ಲಿ ಸಾರಾಯಿಯ ಚಟಕ್ಕೆ ಬಿದ್ದು ಕಷ್ಟಪಟ್ಟವರು. ಇವರೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಕುಡಿತದ ಮಾತನಾಡಿದ ಕೆಲವು ಪ್ರಸಂಗಗಳನ್ನು ನಿಮಗೆ ಹೇಳಬೇಕೆಂದಿದ್ದೇನೆ. ಎಲ್ಲವನ್ನೂ ಹೇಳಹೊರಟರೆ ಈ ಸಂಚಿಕೆಯೇ ಸಾಲದು.

ಕಥೆ ಮೊದಲಾಗುವುದು ನೆಲದ ಮೇಲಲ್ಲ, ನೀರಿನ ಮೇಲೆ. ಇಂಗ್ಲೆಂಡಿನ ಪೂರ್ವತೀರಕ್ಕೂ ಹಾಲೆಂಡು, ಜರ್ಮನಿ, ಡೆನ್ಮಾರ್ಕುಗಳ ತೀರಕ್ಕೂ ನಡುವೆ ಹರಡಿಕೊಂಡಿರುವುದೇ ಉತ್ತರ ಸಮುದ್ರ. ಆಳ ಹೆಚ್ಚಿಲ್ಲ, ಮೀನು ಹೇರಳ, ಚಳಿಗಾಳಿ ವಿಪರೀತ. ೧೮೮೦ರ ಸುಮಾರಿಗೆ ಗ್ರಿಮ್ಸ್‌ಬಿ, ಹಲ್, ಯಾರ್ಮತ್ ಮೊದಲಾದ ಬಂದರುಗಳಿಂದ ಮೀನುಗಾರರ ಹಾಯಿಹಡಗುಗಳು ದಂಡುದಂಡಾಗಿ ಹೊರಟು ವಾರಗಟ್ಟಲೆ ಅಲ್ಲಿ ಬೀಡುಬಿಡುತ್ತಿದ್ದುವು. ಹಿಡಿದ ಮೀನು ಕೆಡಬಾರದೆಂದು ವೇಗದ ಹಡಗುಗಳು ಬಂದು ಅದನ್ನು ಲಂಡನ್ನಿನ ಪೇಟೆಗೆ ಒಯ್ಯುತ್ತಿದ್ದುವು. ಹೀಗೆ ಮೀನು ದಡ ಸೇರುತ್ತಿತ್ತು. ಮೀನು ಹಿಡಿದವನು ಮಾತ್ರ ಅಲ್ಲಿಯೇ ಇರಬೇಕು. ಆರು ವಾರ, ಎಂಟು ವಾರ, ಒದ್ದೆ ಬಟ್ಟೆ, ಉಪ್ಪುನೀರಿಗೆ ಬಿರಿದ ಕೈ, ಅರೆನಿದ್ದೆ. ಹೆಂಡತಿ ಮಕ್ಕಳ ಮುಖ ಕಾಣುವುದು ಎರಡು ತಿಂಗಳಿಗೊಮ್ಮೆ.

ಈ ದಂಡಿನ ಬೆನ್ನಿಗೇ ಇನ್ನೊಂದು ಬಗೆಯ ಹಡಗು ಸುಳಿದಾಡುತ್ತಿತ್ತು. ಮೀನುಗಾರರು ಅದನ್ನು "ಕೂಪರ್" ಎನ್ನುತ್ತಿದ್ದರು. ತೇಲುವ ಹೆಂಡದಂಗಡಿ ಎಂದರೆ ಸರಿಹೋದೀತು. ಎದುರು ತೀರದ ಬಂದರುಗಳಿಂದ ಬಂದ ಈ ಹಡಗಿನವನು ಮೊದಲು ಮುಂದಿಡುತ್ತಿದ್ದುದು ಸಾರಾಯಿಯನ್ನಲ್ಲ, ಹೊಗೆಸೊಪ್ಪನ್ನು. ಇಂಗ್ಲೆಂಡಿನಲ್ಲಿ ಹೊಗೆಸೊಪ್ಪಿಗೆ ಬಲವಾದ ಸುಂಕವಿತ್ತು. ನಡುಗಡಲಿನಲ್ಲಿ ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಪ್ರಮೇಯವೇ ಇಲ್ಲವಷ್ಟೆ? ಹೊಗೆಸೊಪ್ಪಿಗೆಂದು ಹತ್ತಿದವನಿಗೆ ಒಂದು ಲೋಟ ಬ್ರಾಂದಿ. ಅದಾದ ಮೇಲೆ ಇನ್ನೊಂದು. ಕಾಸು ಮುಗಿದರೆ ಮೀನು. ಮೀನು ಮುಗಿದರೆ ಹಗ್ಗ, ಬಲೆ, ಹಾಯಿಬಟ್ಟೆ. ಅವು ಅವನವೂ ಅಲ್ಲ, ದಡದಲ್ಲಿರುವ ಯಜಮಾನನವು. ಕುಡಿದ ಮತ್ತಿನಲ್ಲಿ ತನ್ನ ಹಡಗಿಗೆ ಹಿಂತಿರುಗುವಾಗ ಚಿಕ್ಕ ದೋಣಿಯಿಂದ ಉರುಳಿ ಸತ್ತವರುಂಟು; ಕುಡಿದು ಹೊಡೆದಾಡಿ ಸತ್ತವರುಂಟು.

ಇಬನೀಜರ್ ಮ್ಯಾದರ್ ಎಂಬಾತ ೧೮೮೧ರಲ್ಲಿ ಈ ದಂಡುಗಳ ನಡುವೆ ಹೋಗಿ ಅವರ ಬಾಳನ್ನು ಕಣ್ಣಾರೆ ಕಂಡ. ಮರುವರ್ಷವೇ "ಎನ್‌ಸೈನ್" ಎಂಬ ಹಡಗೊಂದು ಮೀನುಗಾರರ ಸೇವೆಗಾಗಿ ಕಡಲಿಗಿಳಿಯಿತು. ಅದರಲ್ಲಿ ದೇವರ ಪ್ರಾರ್ಥನೆ ನಡೆಯುತ್ತಿತ್ತು, ಪುಸ್ತಕಗಳಿದ್ದುವು, ಗಾಯಕ್ಕೆ ಔಷಧವಿತ್ತು. ಆದರೆ ಬರಿಯ ಪ್ರಾರ್ಥನೆಯಿಂದ ಕೂಪರಿನ ಅಂಗಡಿ ಮುಚ್ಚುವುದಿಲ್ಲವೆಂಬುದು ಮ್ಯಾದರನಿಗೆ ಬೇಗನೆ ಅರಿವಾಯಿತು. ಮೀನುಗಾರ ಅಲ್ಲಿಗೆ ಹೋಗುವುದು ಹೊಗೆಸೊಪ್ಪಿಗಾಗಿ. ಹಾಗಾದರೆ ಹೊಗೆಸೊಪ್ಪನ್ನು ಕೂಪರಿಗಿಂತ ಕಡಮೆ ಬೆಲೆಗೆ ನಾವೇ ಏಕೆ ಕೊಡಬಾರದು? ಹಾಗೆಯೇ ಮಾಡಿದರು. ಹೊಗೆಸೊಪ್ಪಿನ ಕೇಡನ್ನು ಬಲ್ಲ ಇಂದಿನ ವೈದ್ಯರು ಈ ಉಪಾಯವನ್ನು ಕೇಳಿ ಹುಬ್ಬೇರಿಸಿಯಾರು. ಅಂದಿಗೆ ಅದು ಕೆಲಸ ಮಾಡಿತು. ಈ ಸೇವಾ ಹಡಗುಗಳಲ್ಲಿ ವೈದ್ಯರೂ ಬಂದು ಸೇರಿದರು; ಮುಂದೆ ಲ್ಯಾಬ್ರಡಾರಿನ ಹಿಮತೀರದಲ್ಲಿ ಹೆಸರಾದ ವಿಲ್ಫ್ರೆಡ್ ಗ್ರೆನ್‌ಫೆಲ್ ಮೊದಲು ಪಳಗಿದ್ದು ಈ ಉತ್ತರ ಸಮುದ್ರದಲ್ಲಿಯೇ.

ಇಷ್ಟಾದರೂ ಕೂಪರ್ ಹಡಗನ್ನು ತಡೆಯುವ ಅಧಿಕಾರ ಯಾರಿಗೂ ಇರಲಿಲ್ಲ. ಕಡಲು ಯಾವ ಒಂದು ದೇಶದ್ದೂ ಅಲ್ಲ. ಇಂಗ್ಲೆಂಡಿನ ಕಾವಲು ಹಡಗು ಹಾಲೆಂಡಿನ ಬಾವುಟವನ್ನು ಮುಟ್ಟುವಂತಿಲ್ಲ. ಆಗ ತೀರದ ದೇಶಗಳು ಹೇಗ್ ನಗರದಲ್ಲಿ ಕೂಡಿ ಮಾತನಾಡಿದುವು. ೧೮೮೭ರ ನವೆಂಬರ್ ೧೬ರಂದು ಜರ್ಮನಿ, ಬೆಲ್ಜಿಯಂ, ಡೆನ್ಮಾರ್ಕ್, ಫ್ರಾನ್ಸ್, ಬ್ರಿಟನ್, ಹಾಲೆಂಡು ಈ ಆರು ದೇಶಗಳು ಒಂದು ಕರಾರಿಗೆ ಸಹಿ ಹಾಕಿದುವು. ಉತ್ತರ ಸಮುದ್ರದಲ್ಲಿ ಮೀನುಗಾರರಿಗೆ ಸಾರಾಯಿಯನ್ನು ಮಾರಕೂಡದು, ಮೀನುಗಾರರು ಕೊಳ್ಳಕೂಡದು, ಮೀನನ್ನಾಗಲಿ ಬಲೆಯನ್ನಾಗಲಿ ಕೊಟ್ಟು ವಿನಿಮಯ ಮಾಡಿಕೊಳ್ಳಕೂಡದು. ದಿನಸಿ ಮಾರುವ ಹಡಗುಗಳಿಗೆ ಪರವಾನಗಿ ಬೇಕು. ಅವು ನಡುವೆ ಕರಿಯ ಅಕ್ಷರವೊಂದನ್ನು ಬರೆದ ಬಿಳಿಯ ಬಾವುಟವನ್ನು ಹಾರಿಸಬೇಕು. ತಮ್ಮ ಆಳುಗಳಿಗೆ ಬೇಕಾದುದಕ್ಕಿಂತ ಹೆಚ್ಚು ಮದ್ಯವನ್ನು ಇಟ್ಟುಕೊಳ್ಳುವಂತಿಲ್ಲ. ಎಲ್ಲಕ್ಕಿಂತ ಹೊಸದಾದ ಮಾತೆಂದರೆ, ಒಂದು ದೇಶದ ಕಾವಲು ಹಡಗು ಇನ್ನೊಂದು ದೇಶದ ಮಾರಾಟದ ಹಡಗನ್ನು ತಡೆದು ವಿಚಾರಿಸಬಹುದಾಗಿತ್ತು. ಬಾವುಟದ ಮಾನವೆಂದರೆ ಪ್ರಾಣ ಬಿಡುತ್ತಿದ್ದ ಕಾಲದಲ್ಲಿ ಮೀನುಗಾರನ ಆರೋಗ್ಯಕ್ಕಾಗಿ ಇಷ್ಟನ್ನು ಬಿಟ್ಟುಕೊಟ್ಟುದು ಚಿಕ್ಕ ಸಂಗತಿಯಲ್ಲ.

ಆಮೇಲೆ ಫ್ರಾನ್ಸ್ ಹಿಂದೇಟು ಹಾಕಿತು. ಅದಕ್ಕಾಗಿ ಕಾದು ಕಾದು ಕೊನೆಗೆ ಉಳಿದ ಐದು ದೇಶಗಳೇ ಮುಂದುವರಿದುವು. ಕರಾರು ಜಾರಿಗೆ ಬಂದುದು ೧೮೯೪ರಲ್ಲಿ. ಕೂಪರ್ ಹಡಗುಗಳು ಕ್ರಮೇಣ ಕಡಲಿನಿಂದ ಮರೆಯಾದುವು. ಈ ಕರಾರು ಏಕೆ ಗೆದ್ದಿತು? ಅದು ದೊಡ್ಡ ವರ್ತಕರ ಯಾರ ಹೊಟ್ಟೆಗೂ ಹೊಡೆಯಲಿಲ್ಲ ಎಂಬುದು ನನ್ನ ಅಭಿಪ್ರಾಯ. ಕೂಪರ್ ಹಡಗಿನವನು ಬಡಪಾಯಿ ಚಿಲ್ಲರೆ ವ್ಯಾಪಾರಿ. ಅವನ ಪರವಾಗಿ ವಾದಿಸಲು ಯಾವ ರಾಯಭಾರಿಯೂ ಇರಲಿಲ್ಲ. ಇದರ ಜೊತೆಗೆ, ಮೀನು ಬಲೆಗಳನ್ನು ಕಳೆದುಕೊಳ್ಳುತ್ತಿದ್ದ ಹಡಗಿನ ಯಜಮಾನರೂ ಈ ಬಾರಿ ಧರ್ಮದ ಪಕ್ಷದಲ್ಲಿಯೇ ಇದ್ದರು.

ಮುಂದಿನ ಪ್ರಸಂಗದಲ್ಲಿ ಹಾಗಾಗಲಿಲ್ಲ. ಅಲ್ಲಿಯೂ ಮೀನೇ ಕಾರಣ, ಆದರೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತು.

ಅಟ್ಲಾಂಟಿಕ್ ಸಾಗರದ ಉತ್ತರ ತುದಿಯಲ್ಲಿರುವ ಐಸ್‌ಲೆಂಡ್ ದ್ವೀಪದ ಜನ ೧೯೦೮ರಲ್ಲಿ ಮತ ಹಾಕಿ ಪಾನನಿರೋಧವನ್ನು ಆರಿಸಿಕೊಂಡರು. ೧೯೧೫ರಿಂದ ಮದ್ಯದ ಮಾರಾಟ ಪೂರ್ತಿಯಾಗಿ ನಿಂತಿತು. ಆ ದ್ವೀಪದಲ್ಲಿ ಬೆಳೆ ಕಡಮೆ. ಬದುಕೆಲ್ಲ ಮೀನಿನ ಮೇಲೆ. ಉಪ್ಪುಹಾಕಿ ಒಣಗಿಸಿದ ಮೀನನ್ನು ಕೊಳ್ಳುವ ದೊಡ್ಡ ಗಿರಾಕಿ ಸ್ಪೇನ್ ದೇಶ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಸ್ಪೇನ್ ಒಂದು ಮಾತು ಹೇಳಿತು: ನೀವು ನಮ್ಮ ವೈನನ್ನು ಕೊಳ್ಳದಿದ್ದರೆ ನಿಮ್ಮ ಮೀನಿನ ಮೇಲೆ ಸುಂಕ ಏರಿಸುತ್ತೇವೆ. ವರ್ತಕರ ಭಾಷೆಯಲ್ಲಿ ಇದು ನ್ಯಾಯವಾದ ಚೌಕಾಸಿ. ಐಸ್‌ಲೆಂಡಿನ ಪಾಲಿಗೆ ಅದು ಅನ್ನದ ಪ್ರಶ್ನೆ. ೧೯೨೨ರಲ್ಲಿ ದ್ವೀಪದ ಸಂಸತ್ತು ತಲೆಬಾಗಿ ಸ್ಪೇನಿನ ವೈನಿಗೆ ಬಾಗಿಲು ತೆರೆಯಿತು. ಬಟ್ಟಿಯಿಳಿಸಿದ ಮದ್ಯಕ್ಕೆ ೧೯೩೫ರಲ್ಲಿ ಅನುಮತಿ ಸಿಕ್ಕಿತು. ಬಿಯರ್ ಮಾತ್ರ ೧೯೮೯ರ ಮಾರ್ಚ್ ೧ರವರೆಗೂ ನಿಷಿದ್ಧವಾಗಿಯೇ ಉಳಿಯಿತು. ಬ್ರಾಂದಿ ಕುಡಿಯಬಹುದು, ಬಿಯರ್ ಕುಡಿಯಬಾರದು ಎಂಬ ಈ ವಿಚಿತ್ರವನ್ನು ಕಂಡು ನೀವು ನಕ್ಕರೆ ತಪ್ಪಿಲ್ಲ. ಆರೋಗ್ಯದ ಕಾನೂನಿಗೆ ವ್ಯಾಪಾರದ ಕತ್ತರಿ ತಗುಲಿದಾಗ ಬಟ್ಟೆ ಹೀಗೆ ಓರೆಕೋರೆಯಾಗುತ್ತದೆ.

ನಾರ್ವೆ ದೇಶದ ಪಾಡೂ ಇದೇ. ೧೯೧೯ರಲ್ಲಿ ಅಲ್ಲಿನ ಜನ ಸಾರಾಯಿಯನ್ನೂ ಕಡುವೈನನ್ನೂ ನಿಷೇಧಿಸಬೇಕೆಂದು ಬಹುಮತದಿಂದ ತೀರ್ಮಾನಿಸಿದರು. ಫ್ರಾನ್ಸ್, ಸ್ಪೇನ್, ಪೋರ್ಚುಗಲ್ ಮೂರೂ ಮೀನಿನ ಸುಂಕವನ್ನು ಮುಂದಿಟ್ಟುಕೊಂಡು ಒತ್ತಾಯ ತಂದುವು. ೧೯೨೩ರಲ್ಲಿ ಕಡುವೈನಿನ ನಿಷೇಧ ಹೋಯಿತು. ಉಳಿದ ಸಾರಾಯಿಯ ನಿಷೇಧವನ್ನು ಔಷಧದ ಹೆಸರಿನಲ್ಲಿ ವೈದ್ಯರ ಚೀಟಿಗಳು ತೂತುಮಾಡಿದುವು. ಕೆಲವರು ವೈದ್ಯರು ಸಾವಿರಗಟ್ಟಲೆ ಚೀಟಿಗಳನ್ನು ಬರೆದುಕೊಟ್ಟರಂತೆ. ೧೯೨೬ರಲ್ಲಿ ಜನ ಮತ್ತೆ ಮತ ಹಾಕಿ ಅದನ್ನೂ ತೆಗೆಸಿದರು.

ಫಿನ್ಲೆಂಡಿನಲ್ಲಿ ಕಳ್ಳಸಾಗಣೆಯ ಕಾಟ. ೧೯೧೯ರ ಜೂನ್ ೧ರಿಂದ ಅಲ್ಲಿ ಪೂರ್ಣ ಪಾನನಿರೋಧ. ಎದುರಿಗೆ ಕಿರಿದಾದ ಕೊಲ್ಲಿ. ಆಚೆ ದಡದಲ್ಲಿ ಎಸ್ಟೋನಿಯ. ಜರ್ಮನಿ, ಪೋಲೆಂಡುಗಳ ಕಡೆಯಿಂದ ಸಾರಾಯಿ ತುಂಬಿದ ಹಡಗುಗಳು ಬಂದು ಗಡಿಯ ಹೊರಗೆ ಲಂಗರು ಹಾಕುವುವು. ಕತ್ತಲಾದ ಮೇಲೆ ವೇಗದ ದೋಣಿಗಳು ಹೋಗಿ ತಗಡಿನ ಡಬ್ಬಿಗಳಲ್ಲಿ ಸಾರಾಯಿಯನ್ನು ತರುವುವು. ಸುಂಕದವರು ಬೆನ್ನಟ್ಟಿದರೆ ಡಬ್ಬಿಗಳ ಸರವನ್ನು ಉಪ್ಪಿನ ಮೂಟೆಯೊಂದಿಗೆ ಕಟ್ಟಿ ನೀರಿಗೆ ಬಿಡುವರು. ಸರದ ತುದಿಗೆ ಒಂದು ತೇಲುಗುಂಡು. ಒಂದೆರಡು ದಿನಗಳಲ್ಲಿ ಉಪ್ಪು ಕರಗಿ ಭಾರ ಇಳಿಯುತ್ತದೆ, ಗುಂಡು ಮೇಲೆದ್ದು ಬರುತ್ತದೆ, ಬಂದು ಎತ್ತಿಕೊಂಡು ಹೋಗುತ್ತಾರೆ. ಈ ಧಂಧೆಯ ರಾಜನೆನಿಸಿದ ಆಲ್ಗೊಟ್ ನಿಸ್ಕ ೧೯೧೨ರ ಒಲಿಂಪಿಕ್ಸಿನಲ್ಲಿ ಫಿನ್ಲೆಂಡಿಗಾಗಿ ಫುಟ್‌ಬಾಲ್ ಆಡಿದವನು. ಅವನು ೧೯೩೮ರಲ್ಲಿ ನಾಜಿಗಳ ಕೈಯಿಂದ ಯೆಹೂದ್ಯರನ್ನು ಸುಳ್ಳು ಪಾಸ್‌ಪೋರ್ಟುಗಳ ಮೇಲೆ ಪಾರುಮಾಡಿದನೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ; ಮನುಷ್ಯರನ್ನು ಒಂದೇ ಅಳತೆಗೋಲಿನಿಂದ ಅಳೆಯಲಾಗುವುದಿಲ್ಲ.

೧೯೨೫ರ ಆಗಸ್ಟ್ ೧೯ರಂದು ಹೆಲ್ಸಿಂಕಿಯಲ್ಲಿ ಬಾಲ್ಟಿಕ್ ಸಮುದ್ರದ ಸುತ್ತಣ ದೇಶಗಳು ಸಭೆ ಸೇರಿ, ಮದ್ಯದ ಕಳ್ಳಸಾಗಣೆಯ ವಿರುದ್ಧ ಒಪ್ಪಂದ ಮಾಡಿಕೊಂಡುವು. ಫಿನ್ಲೆಂಡು, ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಜರ್ಮನಿ, ಪೋಲೆಂಡು, ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯ ಮಾತ್ರವಲ್ಲ, ಯಾರೊಡನೆಯೂ ಸುಲಭವಾಗಿ ಸೇರದಿದ್ದ ಸೋವಿಯತ್ ರಷ್ಯವೂ ಸಹಿ ಹಾಕಿತು. ತೀರದಿಂದ ಹನ್ನೆರಡು ಮೈಲಿಗಳವರೆಗೆ ಕಳ್ಳಹಡಗುಗಳನ್ನು ತಡೆಯಲು ಪರಸ್ಪರ ಅನುಮತಿ ಕೊಟ್ಟರು. ನೂರು ಟನ್ನಿಗಿಂತ ಚಿಕ್ಕ ಹಡಗುಗಳು ಮದ್ಯವನ್ನು ಸರಕಾಗಿ ಸಾಗಿಸದಂತೆ ಕಟ್ಟುಮಾಡಿದರು. ಕಾಗದದ ಮೇಲೆ ಇದು ಉತ್ತರ ಸಮುದ್ರದ ಕರಾರಿಗಿಂತ ಬಿಗಿಯಾದುದು. ಆದರೆ ಇಲ್ಲಿ ಕೊಳ್ಳುವವರು ಒಂದು ದಂಡಿನ ಮೀನುಗಾರರಲ್ಲ, ಇಡೀ ಒಂದು ದೇಶ. ಲಾಭವೂ ಅಷ್ಟೇ ದೊಡ್ಡದು. ೧೯೩೧ರ ಕೊನೆಯಲ್ಲಿ ಫಿನ್ಲೆಂಡಿನ ಜನರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಪಾನನಿರೋಧ ಬೇಡವೆಂದರು. ೧೯೩೨ನೆಯ ವರ್ಷ ನಾಲ್ಕನೆಯ ತಿಂಗಳಿನ ಐದನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಸರ್ಕಾರದ ಮದ್ಯದಂಗಡಿಗಳು ತೆರೆದುವು. ದಿನ, ತಿಂಗಳು, ವರ್ಷ, ಗಂಟೆಗಳನ್ನು ಒಂದರ ಮುಂದೊಂದು ಬರೆದರೆ ೫೪೩೨೧೦ ಆಗುತ್ತದೆ. ಫಿನ್ಲೆಂಡಿನವರು ಇಂದಿಗೂ ಇದನ್ನು ನೆನೆದು ನಗುತ್ತಾರೆ.

ಇಷ್ಟು ಹೊತ್ತೂ ಮಾತನಾಡಿದವರು ಸುಂಕದವರು, ಕಾವಲುಗಾರರು, ರಾಯಭಾರಿಗಳು. ವೈದ್ಯರೆಲ್ಲಿ ಎಂದು ನೀವು ಕೇಳಬಹುದು. ೧೮೮೫ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ನಗರದಲ್ಲಿ ಕುಡಿತದ ವಿರುದ್ಧ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆದು, ಅಂದಿನಿಂದ ವೈದ್ಯರು ಆಗಾಗ ಕೂಡುತ್ತಲೇ ಇದ್ದರು. ಆದರೆ ಸರ್ಕಾರಗಳ ಕಿವಿ ಅವರ ಕಡೆಗಿರಲಿಲ್ಲ. ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘದ ಮುಂದೆ ಫಿನ್ಲೆಂಡು, ಪೋಲೆಂಡು, ಸ್ವೀಡನ್ನುಗಳು ಮದ್ಯದ ಪ್ರಶ್ನೆಯನ್ನಿಟ್ಟಾಗ ವೈನ್ ಬೆಳೆಯುವ ದೇಶಗಳು ಅಡ್ಡಬಂದುವು. ಕೆಟ್ಟ ಸಾರಾಯಿಯ ವಿಷಯವಾದರೆ ಮಾತನಾಡೋಣ. ವೈನೆಂದರೆ ಅದು ನಮ್ಮ ನಾಗರಿಕತೆ, ಅದರ ಗೋಜು ಬೇಡ ಎಂಬುದು ಅವರ ನಿಲುವು.

ಎರಡನೆಯ ಮಹಾಯುದ್ಧದ ಅನಂತರ ೧೯೪೮ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿತು. ೧೯೫೧ರ ಶರತ್ಕಾಲದಲ್ಲಿ ಅದು ಕೋಪನ್‌ಹೇಗನ್ನಿನಲ್ಲಿ ಯೂರೋಪಿನ ವೈದ್ಯರನ್ನು ಕರೆಸಿ ಪಾನಚಟದ ಮೇಲೆ ಒಂದು ಶಿಬಿರವನ್ನು ನಡೆಸಿತು. ಅಮೆರಿಕದಿಂದ ಬಂದಿದ್ದ ಜೆಲಿನೆಕ್ ಎಂಬ ವಿದ್ವಾಂಸ ಆ ದಿನಗಳಲ್ಲಿ ಸಂಸ್ಥೆಯ ಸಲಹೆಗಾರ. ಚಟವೆಂಬುದು ಗುಣದೋಷವಲ್ಲ, ಅದೊಂದು ಕಾಯಿಲೆ ಎಂಬ ಅವನ ಮಾತು ಹೊಸದಾಗಿ ಕೇಳಿಬಂತು. ರೋಗಿಯನ್ನು ಬೈಯುವುದನ್ನು ಬಿಟ್ಟು ಚಿಕಿತ್ಸೆ ಕೊಡಿ ಎಂದುದು ದೊಡ್ಡ ಉಪಕಾರವೇ ಸರಿ. ಆದರೆ ಅದರಿಂದ ಒಂದು ಅನನುಕೂಲವೂ ಆಯಿತು. ಕಾಯಿಲೆ ಕೆಲವರದು ಎಂದ ಮೇಲೆ, ಉಳಿದ ನಮಗೇನು ಎಂದು ಮಿಕ್ಕವರೆಲ್ಲ ನಿಶ್ಚಿಂತೆಯಿಂದ ಇದ್ದುಬಿಟ್ಟರು.

ಈ ನಿಶ್ಚಿಂತೆಯನ್ನು ಕಲಕಿದವನು ಫ್ರಾನ್ಸಿನವನೇ. ಅದು ಊಟಕ್ಕೆ ನೀರಿನಂತೆ ವೈನ್ ಕುಡಿಯುತ್ತಿದ್ದ ದೇಶ. ಶಾಲೆಯ ಊಟದ ಮನೆಯಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಮದ್ಯ ಬಡಿಸಕೂಡದೆಂದು ಅಪ್ಪಣೆಯಾದದ್ದೇ ೧೯೫೬ರಲ್ಲಿ. ಅದೇ ವರ್ಷ ಸುಲ್ಲಿ ಲೆಡರ್ಮನ್ ಎಂಬ ಜನಸಂಖ್ಯಾಶಾಸ್ತ್ರಜ್ಞ ಲೆಕ್ಕ ಹಾಕಿ ಒಂದು ಮಾತು ಹೇಳಿದ: ಒಂದು ಸಮಾಜದ ಒಟ್ಟು ಕುಡಿತ ಏರಿದರೆ ಮಿತಿಮೀರಿ ಕುಡಿಯುವವರ ಸಂಖ್ಯೆಯೂ ಏರುತ್ತದೆ. ಕೆರೆಗೆ ನೀರು ಬಂದಾಗ ತೂಬಿನ ಬಳಿ ಮಾತ್ರ ಏರುವುದಿಲ್ಲವಷ್ಟೆ? ಅವನ ಗಣಿತದ ಸೂತ್ರದಲ್ಲಿ ತಪ್ಪುಗಳಿವೆಯೆಂದು ಆಮೇಲಿನವರು ತೋರಿಸಿದರು. ಮಾತಿನ ತಿರುಳು ಉಳಿಯಿತು. ಯುದ್ಧಕಾಲದಲ್ಲಿ ಪ್ಯಾರಿಸ್ಸಿನಲ್ಲಿ ವೈನಿಗೂ ಪಡಿತರ ಬಂದಾಗ ಈಲಿ ಒಣಗಿ ಸಾಯುವವರ ಸಂಖ್ಯೆ ಥಟ್ಟನೆ ಇಳಿದಿದ್ದುದು ಎಲ್ಲರ ಕಣ್ಣಮುಂದಿತ್ತು.

ಫಿನ್ಲೆಂಡು ಇದಕ್ಕೆ ತಿಳಿಯದೆಯೇ ಒಂದು ಪರೀಕ್ಷೆ ಮಾಡಿ ತೋರಿಸಿತು. ಬಿಯರನ್ನು ಕಿರಾಣಿ ಅಂಗಡಿಯಲ್ಲಿ ಕೊಟ್ಟರೆ ಜನ ಸಾರಾಯಿಯನ್ನು ಬಿಟ್ಟಾರೆಂಬ ಸದ್ಭಾವನೆಯಿಂದ ೧೯೬೯ರ ಜನವರಿಯಲ್ಲಿ ಕಾನೂನು ಸಡಿಲಿಸಿದರು. ಜನ ಬಿಯರನ್ನು ಕುಡಿದರು, ಸಾರಾಯಿಯನ್ನು ಬಿಡಲಿಲ್ಲ. ಒಂದೇ ವರ್ಷದಲ್ಲಿ ಒಟ್ಟು ಕುಡಿತ ಶೇಕಡ ೪೬ರಷ್ಟು ಏರಿತು.

ಇದನ್ನೆಲ್ಲ ಒಟ್ಟುಗೂಡಿಸಿದ ಪುಸ್ತಕ ೧೯೭೫ರಲ್ಲಿ ಹೊರಬಂತು. ಫಿನ್ಲೆಂಡಿನ ಸಮಾಜಶಾಸ್ತ್ರಜ್ಞ ಕೆಟ್ಟಿಲ್ ಬ್ರೂನ್ ಮುಂದಾಳು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಕಚೇರಿ, ಫಿನ್ಲೆಂಡಿನ ಮದ್ಯಸಂಶೋಧನ ಪ್ರತಿಷ್ಠಾನ, ಕೆನಡದ ಒಂಟೇರಿಯೊ ಪ್ರಾಂತದ ಸಂಶೋಧನ ಸಂಸ್ಥೆ ಮೂರೂ ಸೇರಿ ಮಾಡಿಸಿದ ಕೆಲಸ. ಮದ್ಯದ ಬೆಲೆ, ಅಂಗಡಿಗಳ ಸಂಖ್ಯೆ, ಮಾರುವ ಹೊತ್ತು ಇವೆಲ್ಲ ಬೊಕ್ಕಸದ ವಿಷಯ ಮಾತ್ರವಲ್ಲ, ಆರೋಗ್ಯದ ವಿಷಯ ಎಂಬುದು ಅದರ ಸಾರ. ಇಂದು ಸಾಮಾನ್ಯ ಜ್ಞಾನದಂತೆ ಕಾಣುವ ಈ ಮಾತನ್ನು ನೆಲೆಗೊಳಿಸಲು ಅಷ್ಟು ದೇಶಗಳ ಅಷ್ಟು ವಿದ್ವಾಂಸರು ಬೇಕಾಯಿತು.

ಈಗ ೧೯೯೫ನೆಯ ವರ್ಷಕ್ಕೆ ಬರೋಣ. ಆ ಒಂದು ವರ್ಷದಲ್ಲಿ ಎರಡು ಎತ್ತುಗಳು ಎರಡು ದಿಕ್ಕಿಗೆ ಎಳೆದುವು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ ೧೯೯೨ರಲ್ಲಿಯೇ ಮದ್ಯದ ಬಗ್ಗೆ ಒಂದು ಕಾರ್ಯಯೋಜನೆಯನ್ನು ಒಪ್ಪಿಕೊಂಡಿತ್ತು. ೧೯೯೫ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಸದಸ್ಯದೇಶಗಳು ಕೂಡಿ ಮದ್ಯದ ಬಗೆಗಿನ ಯೂರೋಪಿನ ಸನ್ನದನ್ನು ಹೊರಡಿಸಿದುವು. ಕುಡಿತದಿಂದಾಗುವ ಅಪಘಾತ, ಹೊಡೆದಾಟಗಳಿಂದ ರಕ್ಷಿತವಾದ ಬಾಳು ಎಲ್ಲರ ಹಕ್ಕು, ಮಕ್ಕಳನ್ನು ಮದ್ಯದ ಜಾಹೀರಾತಿನಿಂದ ಕಾಪಾಡಬೇಕು ಎಂದು ಅದರಲ್ಲಿ ಬರೆದರು. ಅದೇ ವರ್ಷ ೨೬ ದೇಶಗಳು ಒಂದೇ ಪ್ರಶ್ನಾವಳಿಯನ್ನು ಹಿಡಿದು ತಮ್ಮ ತಮ್ಮ ಶಾಲೆಗಳ ಹದಿನೈದು ಹದಿನಾರು ವರ್ಷದ ಮಕ್ಕಳನ್ನು ಮದ್ಯ, ತಂಬಾಕು, ಮಾದಕವಸ್ತುಗಳ ವಿಷಯವಾಗಿ ಕೇಳಿದುವು. ನಾಲ್ಕು ವರ್ಷಕ್ಕೊಮ್ಮೆ ಈ ಸಮೀಕ್ಷೆ ನಡೆಯುತ್ತ ಬಂದಿದೆ.

ಅದೇ ವರ್ಷದ ಜನವರಿ ೧ರಂದು ಸ್ವೀಡನ್, ಫಿನ್ಲೆಂಡುಗಳು ಯೂರೋಪ್ ಒಕ್ಕೂಟವನ್ನು ಸೇರಿದ್ದುವು. ಒಕ್ಕೂಟದ ಜೀವಾಳ ಸುಂಕವಿಲ್ಲದ ವ್ಯಾಪಾರ. ಸರ್ಕಾರವೇ ಮದ್ಯವನ್ನು ಮಾರುವ ಆ ದೇಶಗಳ ಪದ್ಧತಿಗೆ ೧೯೯೭ರಲ್ಲಿ ನ್ಯಾಯಾಲಯ ಮಾನ್ಯತೆ ಕೊಟ್ಟಿತು. ಆದರೆ ಪ್ರಯಾಣಿಕರು ಹೊರಗಿನಿಂದ ತರುವ ಮದ್ಯಕ್ಕಿದ್ದ ತಡೆ ೨೦೦೪ಕ್ಕೆ ಮುಗಿಯಿತು. ತನ್ನ ಸ್ವಂತ ಬಳಕೆಗೆಂದು ಒಬ್ಬನು ಹತ್ತು ಲೀಟರ್ ಸಾರಾಯಿ, ತೊಂಬತ್ತು ಲೀಟರ್ ವೈನ್, ನೂರಹತ್ತು ಲೀಟರ್ ಬಿಯರ್ ತಂದರೂ ಪ್ರಶ್ನೆಯಿಲ್ಲ. ಸ್ವಂತ ಬಳಕೆಗೆ! ಆ ವರ್ಷ ಮೇ ತಿಂಗಳಲ್ಲಿ ಎಸ್ಟೋನಿಯವೂ ಒಕ್ಕೂಟವನ್ನು ಸೇರುವುದಿತ್ತು. ಹೆಲ್ಸಿಂಕಿಯ ಜನರೆಲ್ಲ ಹಡಗು ಹತ್ತಿ ಅಗ್ಗದ ಮದ್ಯಕ್ಕೆ ಹೋಗಿಬಿಡುವರೆಂದು ಹೆದರಿ ಫಿನ್ಲೆಂಡು ಮಾರ್ಚ್ ೧ರಂದೇ ತನ್ನ ಮದ್ಯದ ತೆರಿಗೆಯನ್ನು ಮೂರರಲ್ಲೊಂದು ಪಾಲು ಇಳಿಸಿತು. ಜನ ಹೋಗುವುದೂ ನಿಲ್ಲಲಿಲ್ಲ, ಮನೆಯಲ್ಲಿ ಕುಡಿಯುವುದೂ ಹೆಚ್ಚಿತು. ಕುಡಿತದಿಂದ ಸತ್ತವರ ಸಂಖ್ಯೆ ಅದೇ ವರ್ಷ ಏರಿತು. ನಾಲ್ಕು ವರ್ಷಗಳ ಮೇಲೆ ತೆರಿಗೆಯನ್ನು ಮತ್ತೆ ಏರಿಸತೊಡಗಿದರು.

ಎಸ್ಟೋನಿಯದ ಸರದಿ ಆಮೇಲೆ ಬಂತು. ತನ್ನ ಜನರ ಕುಡಿತ ಹೆಚ್ಚಾಯಿತೆಂದು ಅದು ೨೦೧೭ರ ಜುಲೈಯಲ್ಲಿ ಬಿಯರಿನ ತೆರಿಗೆಯನ್ನು ಶೇಕಡ ೭೦ರಷ್ಟು ಏರಿಸಿತು. ದಕ್ಷಿಣದ ಗಡಿಯಲ್ಲಿ ವಲ್ಗ ಎಂಬ ಊರಿದೆ. ಗಡಿರೇಖೆ ಊರಿನ ನಡುವೆಯೇ ಹಾದು, ಆಚೆಯ ಅರ್ಧ ಲಾಟ್ವಿಯದಲ್ಲಿ ವಲ್ಕವಾಗಿದೆ. ಎಸ್ಟೋನಿಯದ ಕಾರುಗಳೆಲ್ಲ ವಲ್ಕದ ಮದ್ಯದಂಗಡಿಗಳ ಮುಂದೆ ಸಾಲುಗಟ್ಟಿದುವು. ಎರಡು ವರ್ಷ ತಡೆದ ಎಸ್ಟೋನಿಯ ೨೦೧೯ರ ಜುಲೈ ೧ರಂದು ತೆರಿಗೆಯನ್ನು ಕಾಲುಭಾಗ ಇಳಿಸಿತು. ಅದಕ್ಕೆ ಉತ್ತರವಾಗಿ ಲಾಟ್ವಿಯ ಒಂದೇ ತಿಂಗಳಿನಲ್ಲಿ ತನ್ನ ಸಾರಾಯಿ ತೆರಿಗೆಯನ್ನೂ ಇಳಿಸಿತು. ಎರಡು ದೇಶಗಳ ಆರೋಗ್ಯ ಖಾತೆಗಳು ಒಂದೇ ಕಾರ್ಯಯೋಜನೆಗೆ ಒಪ್ಪಿದ್ದುವೆಂಬುದನ್ನು ಮರೆಯಬೇಡಿ. ಹಣಕಾಸಿನ ಖಾತೆಗಳು ಆ ಕಾಗದವನ್ನು ಓದಿರಲಿಲ್ಲವೋ ಏನೋ.

ಹಾಗೆಂದು ಎಲ್ಲವೂ ಸೋಲೆಂದು ತಿಳಿಯಬಾರದು. ಒಟ್ಟಿಗೆ ಕೆಲಸ ಮಾಡುವುದೆಂದರೆ ಎಷ್ಟು ಸಣ್ಣ ವಿಷಯದಿಂದ ತೊಡಗಬೇಕೆಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. "ದಿನಕ್ಕೆ ಎರಡು ಲೋಟ ಕುಡಿಯುತ್ತೇನೆ" ಎಂದು ರೋಗಿ ಹೇಳಿದರೆ ವೈದ್ಯನಿಗೆ ತಿಳಿಯಬೇಕಾದುದು ಲೋಟವೆಂದರೆ ಎಷ್ಟು ಎಂಬುದು. ಬ್ರಿಟನ್ನಿನ ಲೆಕ್ಕದಲ್ಲಿ ಒಂದು ಅಳತೆಯೆಂದರೆ ೮ ಗ್ರಾಂ ಶುದ್ಧ ಆಲ್ಕೊಹಾಲ್, ಡೆನ್ಮಾರ್ಕಿನಲ್ಲಿ ೧೨, ಆಸ್ಟ್ರಿಯದಲ್ಲಿ ೨೦. ಒಂದು ದೇಶದ ಎರಡು ಲೋಟ ಇನ್ನೊಂದು ದೇಶದ ಐದು ಲೋಟ! ೨೦೧೪ರಿಂದ ೨೦೧೬ರವರೆಗೆ ಪೋರ್ಚುಗಲ್ಲಿನ ಆರೋಗ್ಯ ಇಲಾಖೆಯ ನೇತೃತ್ವದಲ್ಲಿ ಯೂರೋಪಿನ ಆರೋಗ್ಯ ಸಂಸ್ಥೆಗಳು ಒಂದು ಜಂಟಿ ಕಾರ್ಯವನ್ನು ಕೈಗೊಂಡು, ಈ ಅಳತೆಗಳನ್ನು ಹೋಲಿಸಿ, ಒಂದೇ ಪ್ರಶ್ನಾವಳಿಯಿಂದ ಹಲವು ದೇಶಗಳ ಕುಡಿತವನ್ನು ಅಳೆದುವು. ಇಂಥ ಕೆಲಸಕ್ಕೆ ಪತ್ರಿಕೆಯಲ್ಲಿ ದಪ್ಪಕ್ಷರ ಸಿಕ್ಕುವುದಿಲ್ಲ. ನನ್ನ ಮಟ್ಟಿಗೆ ಭಾಷಣದ ಸಮ್ಮೇಳನಕ್ಕಿಂತ ಇದು ಮೇಲು. ಮಾದಕವಸ್ತುಗಳಿಗಾದರೆ ಲಿಸ್ಬನ್ನಿನಲ್ಲಿ ಒಕ್ಕೂಟದ್ದೇ ಒಂದು ಕೇಂದ್ರವಿದೆ. ಅದಕ್ಕಿಂತ ಎಷ್ಟೋ ಹೆಚ್ಚು ಜನರನ್ನು ಕೊಲ್ಲುವ ಮದ್ಯಕ್ಕಾಗಿಯೇ ಅಂಥ ಕೇಂದ್ರವಿಲ್ಲ. ಒಕ್ಕೂಟ ೨೦೦೭ರಲ್ಲಿ ವರ್ತಕರನ್ನೂ ಆರೋಗ್ಯದವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ವೇದಿಕೆಯೊಂದನ್ನು ಕಟ್ಟಿತ್ತು. ಎಂಟು ವರ್ಷ ಮಾತನಾಡಿ ಬೇಸತ್ತು ೨೦೧೫ರಲ್ಲಿ ಆರೋಗ್ಯ ಸಂಘಗಳು ಎದ್ದುಹೋದುವು.

ಫ್ರಾನ್ಸಿನ ೧೯೯೧ರ ಕಾನೂನನ್ನು ರೇಡಿಯೋ ಕೇಳುವ ನಿಮಗೆ ಹೇಳದಿದ್ದರೆ ತಪ್ಪಾದೀತು. ಕ್ಲೋಡ್ ಎವಾಂ ಎಂಬ ಆರೋಗ್ಯಮಂತ್ರಿಯ ಹೆಸರಿನಿಂದ ಅದು ಪ್ರಸಿದ್ಧ. ಟೆಲಿವಿಷನ್ನಿನಲ್ಲಿ ಮದ್ಯದ ಜಾಹೀರಾತು ಕೂಡದು. ರೇಡಿಯೋದಲ್ಲಿ ಸಂಜೆ ಐದರ ಮೇಲೆ ಕೂಡದು. ಬುಧವಾರವಂತೂ ಬೆಳಿಗ್ಗೆ ಏಳರಿಂದಲೇ ಕೂಡದು. ಬುಧವಾರವೇ ಏಕೆಂದರೆ, ಅಲ್ಲಿನ ಮಕ್ಕಳಿಗೆ ಅಂದು ಶಾಲೆಯಿಲ್ಲ, ಮನೆಯಲ್ಲಿ ರೇಡಿಯೋ ಮುಂದಿರುತ್ತಾರೆ. ಮದ್ಯದ ಕಂಪನಿಯೊಂದು ಇದನ್ನು ಒಕ್ಕೂಟದ ನ್ಯಾಯಾಲಯಕ್ಕೆ ಎಳೆದಾಗ ೨೦೦೪ರಲ್ಲಿ ತೀರ್ಪು ಆರೋಗ್ಯದ ಕಡೆಗಾಯಿತು.

ಆ ತೀರ್ಪಿನಿಂದ ಸ್ಕಾಟ್ಲೆಂಡಿಗೆ ಧೈರ್ಯ ಬಂದಿರಬೇಕು. ಅಲ್ಲಿನ ಸಂಸತ್ತು ೨೦೧೨ರಲ್ಲಿ ಮದ್ಯಕ್ಕೆ ಕನಿಷ್ಠ ಬೆಲೆ ಗೊತ್ತುಮಾಡುವ ಕಾನೂನು ಮಾಡಿತು: ಮೇಲೆ ಹೇಳಿದ ೮ ಗ್ರಾಮಿನ ಅಳತೆಗೆ ೫೦ ಪೆನ್ಸಿಗಿಂತ ಕಡಮೆಗೆ ಯಾರೂ ಮಾರುವಂತಿಲ್ಲ. ವಿಸ್ಕಿ ತಯಾರಕರ ಸಂಘ ನ್ಯಾಯಾಲಯಕ್ಕೆ ಹೋಯಿತು. ವೈನ್ ದೇಶಗಳು ಆಕ್ಷೇಪಣೆ ಕಳಿಸಿದುವು. ೨೦೧೫ರಲ್ಲಿ ಒಕ್ಕೂಟದ ನ್ಯಾಯಾಲಯ, ಇದು ವ್ಯಾಪಾರಕ್ಕೆ ಅಡ್ಡಿಯೇ ಸರಿ, ಆದರೆ ತೆರಿಗೆಯಿಂದ ಆಗದ ಆರೋಗ್ಯಲಾಭ ಇದರಿಂದ ಆಗುವುದಾದರೆ ಇರಬಹುದು, ನಿಮ್ಮ ನ್ಯಾಯಾಲಯವೇ ತೂಗಿ ನೋಡಲಿ ಎಂದಿತು. ತೂಗಿ ನೋಡಿದ ಬ್ರಿಟನ್ನಿನ ಪರಮೋಚ್ಚ ನ್ಯಾಯಾಲಯ ೨೦೧೭ರ ನವೆಂಬರಿನಲ್ಲಿ ಕಾನೂನನ್ನು ಎತ್ತಿಹಿಡಿಯಿತು. ೨೦೧೮ರ ಮೇ ೧ರಿಂದ ಜಾರಿ. ಆರು ವರ್ಷ ವ್ಯಾಜ್ಯದಲ್ಲಿಯೇ ಕಳೆದುವು. ಕುಡಿತದಿಂದಲೇ ಆಗುವ ಸಾವುಗಳು, ಕಾನೂನಿಲ್ಲದಿದ್ದರೆ ಆಗಬಹುದಾಗಿದ್ದುದಕ್ಕಿಂತ ಶೇಕಡ ೧೩ರಷ್ಟು ಕಡಮೆಯಾದುವೆಂದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕಹಾಕಿತು. ಬಡವರ ಕೇರಿಗಳಲ್ಲಿ ಈ ಲಾಭ ಹೆಚ್ಚು ಕಂಡಿತು. ೨೦೨೪ರಲ್ಲಿ ಕನಿಷ್ಠ ಬೆಲೆಯನ್ನು ೬೫ ಪೆನ್ಸಿಗೆ ಏರಿಸಿದರು.

ನೆರೆಯ ಐರ್ಲೆಂಡು ೨೦೨೨ರಲ್ಲಿ ಕನಿಷ್ಠ ಬೆಲೆಯನ್ನು ತಂದುದಲ್ಲದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರತಿಯೊಂದು ಸೀಸೆಯ ಮೇಲೂ ಈಲಿಯ ರೋಗ, ಕ್ಯಾನ್ಸರ್, ಗರ್ಭಿಣಿಯರಿಗೆ ಆಗುವ ಅಪಾಯ ಇವುಗಳ ಎಚ್ಚರಿಕೆಯನ್ನು ಅಚ್ಚುಹಾಕಬೇಕೆಂದು ೨೦೨೩ರಲ್ಲಿ ನಿಯಮ ಮಾಡಿತು. ೨೦೨೬ರ ಮೇ ತಿಂಗಳಿನಿಂದ ಅದು ಜಾರಿಗೆ ಬರಬೇಕಾಗಿತ್ತು. ಇಟಲಿ, ಸ್ಪೇನ್, ಫ್ರಾನ್ಸ್ ಮೊದಲಾದ ದೇಶಗಳು ಗೊಣಗಿದರೂ ಒಕ್ಕೂಟ ತಡೆಯಲಿಲ್ಲ. ಆದರೆ ೨೦೨೫ರಲ್ಲಿ, ಅಮೆರಿಕದ ಸುಂಕದ ಬೆದರಿಕೆಯಿಂದ ವ್ಯಾಪಾರ ಅಲ್ಲಾಡುತ್ತಿದ್ದಾಗ, ಐರ್ಲೆಂಡಿನ ಸರ್ಕಾರ ತಾನಾಗಿಯೇ ಗಡುವನ್ನು ೨೦೨೮ಕ್ಕೆ ಮುಂದೂಡಿತು. ಅಷ್ಟರಲ್ಲಿ ಕೆಲವು ತಯಾರಕರು ಚೀಟಿಗಳನ್ನು ಅಚ್ಚುಹಾಕಿಸಿ ಅಂಟಿಸಿಯೂ ಆಗಿತ್ತು. ಡಬ್ಲಿನ್ನಿನ ಅಂಗಡಿಗಳ ಒಂದೇ ಗೂಡಿನಲ್ಲಿ ಎಚ್ಚರಿಕೆಯಿದ್ದ ಸೀಸೆಗಳೂ ಇಲ್ಲದ ಸೀಸೆಗಳೂ ಒಂದರ ಪಕ್ಕದಲ್ಲೊಂದು ಮಾರಾಟಕ್ಕೆ ನಿಂತುವು.